ಜಾಹೀರಾತು ಬಂದಾಗ ಚಾನೆಲ್ ಬದಲಿಸದವಳು

ಐಪಿಎಲ್ ಸಮಯದಲ್ಲಿ ನಮ್ಮ ಮನೆಗೆ ಬಂದರೆ ನಿಮಗೊಂದು ವಿಚಿತ್ರ ಕಾಣುತ್ತದೆ. ಓವರ್ ಮುಗಿದ ತಕ್ಷಣ ಎಲ್ಲರೂ ಎದ್ದು ಹೋಗುತ್ತಾರೆ. ನಾನು ಮಾತ್ರ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬರುತ್ತೇನೆ. ನನಗೆ ಬೇಕಾದ್ದು ಶುರುವಾಗುವುದೇ ಆಗ. "ಆಡ್ ನೋಡೋಕೆ ಮ್ಯಾಚ್ ಹಾಕೋಳು ನೀನೊಬ್ಬಳೇ ಇರ್ಬೇಕು" ಅಂತ ಯಜಮಾನರು ಪ್ರತಿ ವರ್ಷ ಹೇಳುತ್ತಾರೆ. ಹೇಳಲಿ ಬಿಡಿ.

ಇದು ಹಳೇ ಚಟ. ಶಿರಸಿ ಹತ್ತಿರದ ನಮ್ಮೂರಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ನಮಗೆ ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಧಾರಾವಾಹಿಯಲ್ಲಿ ಯಾರು ಯಾಕೆ ಅಳುತ್ತಿದ್ದಾರೆ ಅಂತ ಗೊತ್ತಾಗುತ್ತಿರಲಿಲ್ಲ. ಆದರೆ ನಿರ್ಮಾ ಜಾಹೀರಾತು ಬಂದರೆ ಜಗಲಿಯಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ ಹಾಡುತ್ತಿದ್ದೆವು. ಹೇಮಾ, ರೇಖಾ, ಜಯಾ, ಸುಷ್ಮಾ. ಈ ನಾಲ್ವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ಬಟ್ಟೆ ಒಗೆಯುತ್ತಿದ್ದದ್ದು 501 ಬಾರ್ ಸೋಪಿನಲ್ಲಿ. ಒಗೆಯುವಾಗ ಗುನುಗುತ್ತಿದ್ದದ್ದು ನಿರ್ಮಾ ಹಾಡು!

"ಅದೆಲ್ಲ ನಮ್ಮ ಜೇಬಿಗೆ ಕೈ ಹಾಕೋ ಉಪಾಯ, ಅದನ್ನ ಕೂತು ನೋಡ್ತೀಯಲ್ಲ" ಅಂತ ಗೆಳತಿಯೊಬ್ಬಳು ಬೈಯುತ್ತಾಳೆ. ಇರಬಹುದು. ಆದರೆ ಅಮ್ಮನ ಜೇಬಿಗಂತೂ ಕೈ ಬೀಳಲಿಲ್ಲ, ಹಾಡು ಪುಕ್ಕಟೆ ಸಿಕ್ಕಿತು. ನನ್ನ ಲೆಕ್ಕವೂ ಇಷ್ಟೇ.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಒಂದು ಪಗ್ ನಾಯಿ ಹುಡುಗನ ಹಿಂದೆ ಹಿಂದೆ ಹೋಗುತ್ತಿತ್ತು, ನೆನಪಿದೆಯಾ? ಆಮೇಲೆ ನಮ್ಮ ಕಡೆ ಆ ಜಾತಿಗೆ 'ಹಚ್ ನಾಯಿ' ಅಂತಲೇ ಹೆಸರಾಯಿತು. ಕಂಪನಿ ಹೋಯಿತು, ನಾಯಿಯ ಹೆಸರು ಉಳಿಯಿತು. 2009ರಲ್ಲಿ ವೊಡಾಫೋನ್‌ನ ಝೂಝೂಗಳು ಬಂದವು. ಚುನಾವಣೆಯಿಂದಾಗಿ ಆ ವರ್ಷದ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಝೂಝೂಗಳನ್ನು ಚಿತ್ರೀಕರಿಸಿದ್ದೂ ಅಲ್ಲೇ, ಕೇಪ್‌ಟೌನ್‌ನಲ್ಲಿ. ಆ ಮೊಟ್ಟೆ ತಲೆಯ ಬಿಳಿ ಗೊಂಬೆಗಳನ್ನು ಕಂಪ್ಯೂಟರಿನಲ್ಲಿ ಮಾಡಿದ್ದಾರೆ ಅಂತಲೇ ನಾನು ಎಷ್ಟೋ ದಿನ ನಂಬಿದ್ದೆ. ಅಲ್ಲ, ಒಳಗಡೆ ನಿಜವಾದ ಮನುಷ್ಯರಿದ್ದರು! ಸಣ್ಣ ಮೈಕಟ್ಟಿನ ನಟರಿಗೆ ಬಿಳಿ ಬಟ್ಟೆ ಹೊದಿಸಿ, ದೊಡ್ಡ ತಲೆ ಕೂರಿಸಿ, ಕಾರ್ಟೂನ್ ಥರ ಕಾಣುವ ಹಾಗೆ ಕುಣಿಸಿದ್ದು. ಅರ್ಧ ನಿಮಿಷದ ತಮಾಷೆಗೆ ಇಷ್ಟು ಒದ್ದಾಟ. ನನಗೆ ಇಷ್ಟವಾಗುವುದು ಈ ಒದ್ದಾಟವೇ.

ನಾಯಿ, ಝೂಝೂ ಎರಡನ್ನೂ ನಿರ್ದೇಶಿಸಿದವರು ಪ್ರಕಾಶ್ ವರ್ಮ. ಮಲಯಾಳಿ, ಆದರೆ ಅವರ ನಿರ್ವಾಣ ಫಿಲ್ಮ್ಸ್ ಇರುವುದು ಬೆಂಗಳೂರಿನಲ್ಲಿ. (2025ರಲ್ಲಿ ಇದೇ ಮನುಷ್ಯ ಒಂದು ಮಲಯಾಳಂ ಸಿನಿಮಾದಲ್ಲಿ ಮೋಹನ್‌ಲಾಲ್ ಎದುರು ಖಳ ಪೊಲೀಸ್ ಆಗಿ ಬಂದು ಎಲ್ಲರನ್ನೂ ಹೆದರಿಸಿಬಿಟ್ಟರು. ನಾಯಿಮರಿ ಜಾಹೀರಾತು ಮಾಡಿದವರು ಇವರೇ ಅಂದರೆ ನಂಬುವುದು ಕಷ್ಟ.)

ಆಮೇಲೆ 2021ರ ಏಪ್ರಿಲ್. ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಕ್ರೆಡ್ ಆ್ಯಪ್‌ನ ಜಾಹೀರಾತಿನಲ್ಲಿ ರಾಹುಲ್ ದ್ರಾವಿಡ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು, ಪಕ್ಕದ ಕಾರಿನ ಕನ್ನಡಿಗೆ ಬ್ಯಾಟ್ ಬೀಸಿ, ಕಾರಿನ ಮಾಡಿನಿಂದ ಎದ್ದು ನಿಂತು "ಇಂದಿರಾನಗರದ ಗೂಂಡಾ ನಾನು" ಅಂತ ಅರಚಿದರು. ಹದಿನಾರು ವರ್ಷ ಟೆಸ್ಟ್ ಆಡಿದರೂ ಅಂಪೈರ್ ಮುಂದೆ ಮುಖ ಗಂಟಿಕ್ಕದ ಮನುಷ್ಯ! ನಾನು ಸೌಟು ಕೆಳಗೆ ಹಾಕಿದ್ದು ಆವತ್ತೇ. ಅದನ್ನು ನೋಡಿ ಇಡೀ ದೇಶ ನಕ್ಕಿತು. ಆದರೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮುಕ್ಕಾಲು ಗಂಟೆ ನಿಂತವರು ನಕ್ಕಿದ್ದು ಬೇರೆ ನಗು. ನಮ್ಮೊಳಗಿನದ್ದನ್ನು ಪಾಪ ದ್ರಾವಿಡ್ ಹೊರಗೆ ಹಾಕಿದ್ದರು ಅಷ್ಟೇ.

ನನ್ನ ಕೊರಗು ಇಲ್ಲೇ ಶುರುವಾಗುತ್ತದೆ. ಆ ಟ್ರಾಫಿಕ್ ನಮ್ಮದು, ಆ ಬಡಾವಣೆ ನಮ್ಮದು, ಆ ಹುಡುಗ ನಮ್ಮವನು. ಸಾಲು ಮಾತ್ರ ಹಿಂದಿ. ಒಳ್ಳೇ ಜಾಹೀರಾತು ಬೆಂಗಳೂರಿನಲ್ಲಿ ಹುಟ್ಟುತ್ತದೆ, ಕನ್ನಡದಲ್ಲಿ ಹುಟ್ಟುವುದಿಲ್ಲ. ಕನ್ನಡಕ್ಕೆ ಬರುವುದು ಡಬ್ ಆದದ್ದು. ಅದರಲ್ಲಿ ಸ್ಕೂಲಿಂದ ಬಂದ ಮಗು "ಅಮ್ಮಾ, ನನಗೆ ತುಂಬಾ ಹಸಿವಾಗುತ್ತಿದೆ" ಅನ್ನುತ್ತದೆ. ಯಾವ ಮನೆಯ ಮಗು ಸ್ವಾಮಿ ಹೀಗೆ ಮಾತಾಡುವುದು? ನನ್ನ ಮಗಳು ಬ್ಯಾಗ್ ಎಸೆದು "ಏನಿದೆ ತಿನ್ನಕ್ಕೆ?" ಅನ್ನುತ್ತಾಳೆ. ತುಟಿ ಒಂದು ಕಡೆ, ಮಾತು ಒಂದು ಕಡೆ. ಸಿನಿಮಾ ಡಬ್ಬಿಂಗ್ ಬೇಡ ಅಂತ ನಮ್ಮಲ್ಲಿ ದಶಕಗಟ್ಟಲೆ ಜಗಳ ನಡೆಯಿತು. ಅಷ್ಟೂ ಕಾಲ ಜಾಹೀರಾತುಗಳು ಸುಮ್ನೆ ಹಿಂಬಾಗಿಲಿನಿಂದ ಡಬ್ ಆಗಿ ಬರುತ್ತಲೇ ಇದ್ದವು. ಯಾರೂ ಕೇಳಲಿಲ್ಲ. ಝೂಝೂ ನಮಗೆ ಅಷ್ಟು ಹತ್ತಿರವಾಗಿದ್ದು ಯಾಕೆ ಅಂತ ಈಗ ಅನಿಸುತ್ತದೆ. ಅವು ಮಾತಾಡುತ್ತಿರಲಿಲ್ಲ, ಬರೀ ಗೊಣಗುತ್ತಿದ್ದವು. ಡಬ್ ಮಾಡಿ ಕೆಡಿಸಲು ಅದರಲ್ಲಿ ಏನೂ ಇರಲಿಲ್ಲ.

ಹಾಡಿನ ಕಡೆ ತಿರುಗಿದರೆ ಕಥೆ ಉಲ್ಟಾ. ಜಸ್ಕರಣ್ ಸಿಂಗ್ ಪಂಜಾಬಿ ಹುಡುಗ. ನಮ್ಮ ಸರಿಗಮಪ ವೇದಿಕೆಗೆ ಬಂದರು. 2024ರಲ್ಲಿ ಗಣೇಶ್ ಸಿನಿಮಾಕ್ಕೆ 'ದ್ವಾಪರ' ಹಾಡಿದರು. ನಮ್ಮ ಅಪಾರ್ಟ್‌ಮೆಂಟ್ ಲಿಫ್ಟ್‌ನಿಂದ ಹಿಡಿದು ಮದುವೆ ಮನೆ ಊಟದ ಹಾಲ್‌ವರೆಗೆ ಅದೇ ಹಾಡು. ಅದೇ ವರ್ಷದ ಶುರುವಿನಲ್ಲಿ ಮಗಳು ಓಡಿ ಬಂದು "ಅಮ್ಮಾ, ಹೊಸ ಹಾಡು ಕೇಳು" ಅಂದಳು. ಕೇಳಿದರೆ 'ಕರಿಮಣಿ ಮಾಲೀಕ ನೀನಲ್ಲ'! 1999ರದ್ದು ಕಣೇ, ನಾನು ಪಿಯುಸಿಯಲ್ಲಿದ್ದಾಗ ಹಾಸ್ಟೆಲ್‌ನಲ್ಲಿ ಕುಣಿದದ್ದು ಅಂದೆ. ಅವಳು ನಂಬಲಿಲ್ಲ. ಹಾಡು ಹಳೆಯದು ಅನ್ನುವುದಕ್ಕಿಂತ ನಾನು ಕುಣಿದೆ ಅನ್ನುವುದನ್ನು ಜಾಸ್ತಿ ನಂಬಲಿಲ್ಲ.

ಅವಳು ತೋರಿಸಿದ್ದರಲ್ಲಿ ನನ್ನ ತಲೆ ಕೆಡಿಸಿದ್ದು ಹನುಮಾನ್‌ಕೈಂಡ್. ಮಲಯಾಳಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದು ಆಮೇಲೆ ಬೆಂಗಳೂರಿಗೆ ಬಂದ ರ್‍ಯಾಪರ್, ಹಾಡುವುದು ಇಂಗ್ಲಿಷಿನಲ್ಲಿ. ಅರ್ಧ ಮಾತು ನನಗೆ ಅರ್ಥವಾಗಲಿಲ್ಲ. ಆದರೆ 2024ರಲ್ಲಿ ಊರೆಲ್ಲ ಸದ್ದು ಮಾಡಿದ ಆ ವಿಡಿಯೋ ನೋಡಿ ಕೂತಲ್ಲೇ ಕೂತೆ. ಜಾತ್ರೆಯಲ್ಲಿ ಮರದ ಬಾವಿಯ ಗೋಡೆ ಮೇಲೆ ಬೈಕು, ಕಾರು ಓಡಿಸುತ್ತಾರಲ್ಲ, ಅದರೊಳಗೆ ನಿಂತು ಹಾಡುತ್ತಾನೆ! ಮಾರಿಕಾಂಬಾ ಜಾತ್ರೆಯಲ್ಲಿ ಅಪ್ಪನ ಕೈ ಗಟ್ಟಿಯಾಗಿ ಹಿಡಿದುಕೊಂಡು ಮೇಲಿನಿಂದ ಇಣುಕಿದ್ದು, ಹಲಗೆ ನಡುಗಿದ್ದು, ಪೆಟ್ರೋಲ್ ವಾಸನೆ, ಎಲ್ಲಾ ಬಂತು. ಮಗಳಿಗೆ ಹೇಳಿದೆ. "ನಿಂಗೆ ಎಲ್ಲದಕ್ಕೂ ಒಂದು ಶಿರಸಿ ಕಥೆ ಇರತ್ತೆ" ಅಂದಳು.

ಅಂದ ಹಾಗೆ, ನಮಗೆ ಚಮತ್ಕಾರ ಬರುವುದಿಲ್ಲ ಅಂತ ಮಾತ್ರ ಹೇಳಬೇಡಿ. ಮೈಸೂರು ಸ್ಯಾಂಡಲ್ ಸೋಪು ಮಾಡುವ ಸರ್ಕಾರಿ ಕಾರ್ಖಾನೆ ಶುರುವಾದದ್ದು 1916ರಲ್ಲಿ. ಆ ಕಾಲದಲ್ಲೇ ಅದರ ಪ್ರಚಾರಕ್ಕೆ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಮಾಡಿಸಿದ್ದರು! ಮೈಸೂರು ಸಂಸ್ಥಾನದ ಸೋಪಿಗೆ ಕರಾಚಿಯಲ್ಲಿ ಒಂಟೆ. ಯಾರಿಗೆ ಹೊಳೆಯಿತೋ, ಅವರ ಕಾಲಿಗೆ ಬೀಳಬೇಕು. ಈಚೆಗೆ ಅಷ್ಟೇ ಖುಷಿ ಕೊಟ್ಟದ್ದು 2024ರ ಜೂನ್, ಟಿ20 ವಿಶ್ವಕಪ್. ಸ್ಕಾಟ್ಲೆಂಡ್ ಆಟಗಾರರ ಜೆರ್ಸಿ ಮೇಲೆ ನಂದಿನಿ. ನಮ್ಮ ಹಾಲಿನ ಪ್ಯಾಕೆಟ್‌ನ ಹೆಸರು ಕೆಂಪು ಗಡ್ಡದವರ ಮೈಮೇಲೆ! ಆ ಟೂರ್ನಿಯಲ್ಲಿ ನಮ್ಮ ಮನೆಯಲ್ಲಿ ಭಾರತ ಬಿಟ್ಟರೆ ಸ್ಕಾಟ್ಲೆಂಡ್‌ಗೇ ಬೆಂಬಲ. ಅದಕ್ಕೆ ಕಾರಣ ಮೊಸರು.

ಅದೇ ನಂದಿನಿಗೆ ಡಾ. ರಾಜ್‌ಕುಮಾರ್, ಆಮೇಲೆ ಪುನೀತ್ ದುಡ್ಡು ತಗೊಳ್ಳದೆ ಜಾಹೀರಾತು ಮಾಡಿಕೊಟ್ಟರು. ಅದರ ಬಗ್ಗೆ ತಮಾಷೆ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ನಮಗೆ ಈಗ ಬೇಕಾಗಿರುವುದು ಕನ್ನಡದಲ್ಲೇ ಯೋಚಿಸಿದ ಒಂದು ಗೂಂಡಾ. ದೊಡ್ಡ ಬ್ರಾಂಡೇ ಆಗಬೇಕಿಲ್ಲ. ಉಪ್ಪಿನಕಾಯಿಯದ್ದಾದರೂ ಸರಿ, ಫ್ಯಾನಿನದ್ದಾದರೂ ಸರಿ. ಹುಬ್ಬಳ್ಳಿಯವರು ಹುಬ್ಬಳ್ಳಿ ಥರ, ಮಂಗಳೂರಿನವರು ಮಂಗಳೂರಿನ ಥರ ಮಾತಾಡಲಿ. ರೀಲ್ಸ್ ಮಾಡುವ ಹುಡುಗರು ಇದನ್ನು ದಿನಾ ಮಾಡುತ್ತಿದ್ದಾರೆ ಅಲ್ವಾ? ಕಂಪನಿಗಳಿಗೆ ಮಾತ್ರ ಇನ್ನೂ "ನನಗೆ ಹಸಿವಾಗುತ್ತಿದೆ" ಮಗುವೇ ಬೇಕು.

ಅಲ್ಲಿಯವರೆಗೆ ಡಬ್ ಆದದ್ದರಲ್ಲೇ ನಾವು ಆಟ ಹುಡುಕಿಕೊಂಡಿದ್ದೇವೆ. ಮ್ಯೂಚುಯಲ್ ಫಂಡ್ ಜಾಹೀರಾತಿನ ಕೊನೆಗೆ ಅಪಾಯ, ದಾಖಲೆ ಅಂತ ಉಸಿರು ತೆಗೆದುಕೊಳ್ಳದೆ ಒಂದು ಸಾಲು ಓದುತ್ತಾರಲ್ಲ, ಅದನ್ನು ಅವರ ಜೊತೆಗೇ ಹೇಳಿ ಮುಗಿಸಬೇಕು. ಸೋತವರು ಪಾತ್ರೆ ತೊಳೆಯಬೇಕು. ನಿನ್ನೆ ಮಗಳು ಗೆದ್ದಳು. 'ಎಚ್ಚರಿಕೆಯಿಂದ' ಅನ್ನುವಲ್ಲಿ ನನ್ನ ನಾಲಿಗೆ ತೊಡರಿತು.