ಕಂಕುಳು ಕಾಣೆಯಾಗಿದೆ

ನನ್ನ ಹೊಸ ಟಾಪಿನ ಕಂಕುಳು ಈಗ ಯಾರದೋ ಆಧಾರ್ ಕಾರ್ಡ್ ಜೆರಾಕ್ಸಿನ ಬೆನ್ನ ಮೇಲಿದೆ. ಯಾವ ಆಫೀಸಿನ ಯಾವ ಫೈಲು ಸೇರಿತೋ ದೇವರೇ ಬಲ್ಲ. ಕಳೆದ ವಾರದ ಮಾತು. ಸಿಟ್ಟು ಇನ್ನೂ ಇಳಿದಿಲ್ಲ.

ಮನೆಯಲ್ಲೇ ಹೊಲಿಯುವವರಿಗೆ ಈ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ಪ್ಯಾಟರ್ನು, ಅಂದರೆ ಬಟ್ಟೆ ಕತ್ತರಿಸೋಕೆ ಮೇಲಿಡುವ ಕಾಗದದ ಅಚ್ಚು, ಈಗ ಮೊಬೈಲಿಗೇ ಬಂದು ಬೀಳುತ್ತೆ. ಫೋಟೋದಲ್ಲಿ ಒಬ್ಬಳು ತೆಳ್ಳಗಿನ ಹುಡುಗಿ. ಮೈಮೇಲೆ ಟಾಪು, ಅದರ ಮೇಲೆ ಗುಂಡಿ ಹಾಕದ ಶರ್ಟು, ಅದರ ಮೇಲೆ ಮೊಣಕಾಲಿನವರೆಗೆ ಜೋತುಬಿದ್ದ ಜಾಕೆಟ್ಟು. ಮೂರನ್ನೂ ಹೇಗೆ ಬೇಕಾದರೂ ಸೇರಿಸಿ ಹಾಕ್ಕೊಳ್ಳಿ, ಆಫೀಸಿಗೂ ಸೈ, ಪಾರ್ಟಿಗೂ ಸೈ ಅಂತ ಕೆಳಗೆ ಬರೆದಿರುತ್ತೆ. ಚಳಿ ದೇಶದವರು, ಏನು ಬೇಕಾದರೂ ಬರೀತಾರೆ. ಬೆಂಗಳೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಮೂರು ಪದರ ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತರೆ ಹಸಿರು ಬರುವಷ್ಟರಲ್ಲಿ ಇಡ್ಲಿ ಥರ ಬೆಂದಿರ್ತೀವಿ. ಆದರೂ ಆಸೆ ನೋಡಿ. ಕೊಂಡುಕೊಂಡೆ.

ಇಡೀ ಟಾಪು ಒಂದು ಹಾಳೆಯಲ್ಲಿ ಹಿಡಿಸಲ್ಲ. ಅದಕ್ಕೇ ಎ4 ಅಳತೆಗೆ ತುಂಡು ತುಂಡು ಮಾಡಿರ್ತಾರೆ, ಮೂವತ್ತು ಚಿಲ್ಲರೆ ಹಾಳೆ. ಎಲ್ಲ ಪ್ರಿಂಟ್ ತೆಗೆಸಿ, ಅಂಚು ಕತ್ತರಿಸಿ, ನಂಬರ್ ನೋಡಿ ಜೋಡಿಸಿ, ಹಾಲಿನ ನೆಲದ ಮೇಲೆ ಮಂಡಿಯೂರಿ ಟೇಪು ಹಚ್ಚಬೇಕು. ಮನೆಯವರು ಆಗಲೇ ಸರಿಯಾಗಿ ಫ್ಯಾನ್ ಹಾಕ್ತಾರೆ. ಕೆಲವು ಹಾಳೆಯಲ್ಲಿ ಒಂದೇ ಒಂದು ಗೆರೆ ಇರುತ್ತೆ. ಆ ಗೆರೆಯೇ ಭುಜ, ಆ ಗೆರೆಯೇ ಕೊರಳು. ಮೊದಲ ಹಾಳೆಯಲ್ಲಿ ಒಂದು ಪುಟ್ಟ ಚೌಕ. ಸ್ಕೇಲ್ ಇಟ್ಟರೆ ಸರಿಯಾಗಿ 5 ಸೆಂಟಿಮೀಟರ್ ಬರಬೇಕು. 4.8 ಬಂದರೆ ಎರಡು ಮಿಲಿಮೀಟರ್ ತಾನೇ ಅನ್ನಬೇಡಿ. 100 ಸೆಂಟಿಮೀಟರ್ ಸುತ್ತಳತೆಯ ಟಾಪಿನಲ್ಲಿ 4 ಸೆಂಟಿಮೀಟರ್ ಖೋತಾ! ತಲೆಯಿಂದ ಇಳಿಯುತ್ತೆ, ಎದೆಯ ಹತ್ತಿರ ನಿಂತುಬಿಡುತ್ತೆ. ಆಮೇಲೆ ಮೇಲಕ್ಕೂ ಬರಲ್ಲ.

ಈಗ ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯ ಅಣ್ಣನ ವಿಷಯಕ್ಕೆ ಬರೋಣ. ಒಳ್ಳೆಯ ಮನುಷ್ಯ. ಆದರೆ ಕೊಟ್ಟದ್ದನ್ನು ಕೊಟ್ಟ ಹಾಗೆ ಪ್ರಿಂಟ್ ತೆಗೆಯೋದು ಅವರ ಜಾಯಮಾನದಲ್ಲೇ ಇಲ್ಲ. ಗಿರಾಕಿಗೆ ಏನಾದರೂ ಉಪಕಾರ ಮಾಡದೆ ಕಳಿಸಲ್ಲ.

"ಸೈಟ್ ಎಲ್ಲಿ ಮೇಡಂ?" ಅಂದರು ಸ್ಕ್ರೀನ್ ನೋಡುತ್ತಾ.

"ಸೈಟ್ ಅಲ್ಲ ಅಣ್ಣ, ಟಾಪು."

"ಓ, ಟಾಪ್ ಫ್ಲೋರಾ?"

ಬಟ್ಟೆ ಹೊಲಿಯೋಕೆ ಅಂತ ಬಿಡಿಸಿ ಹೇಳಿದೆ. ಇಷ್ಟೊಂದು ಕಾಗದದಲ್ಲಿ ಯಾರು ಬಟ್ಟೆ ಹೊಲೀತಾರೆ ಅನ್ನೋ ಹಾಗೆ ನೋಡಿದರು. "ಅಳತೆ ಬದಲಾಯಿಸಬೇಡಿ, ಹಂಡ್ರೆಡ್ ಪರ್ಸೆಂಟೇ ಇರಲಿ" ಅಂದೆ. "ಆಯ್ತು ಮೇಡಂ" ಅಂತ ತಲೆಯಾಡಿಸಿ, ನನ್ನ ಕಣ್ಣೆದುರೇ 'ಫಿಟ್ ಟು ಪೇಜ್' ಒತ್ತಿದರು. ಇಲ್ಲಾಂದ್ರೆ ಅಂಚು ಕಟ್ ಆಗುತ್ತಂತೆ. ಬೇಡ ಅಂತ ತೆಗೆಸಿದೆ. ಮತ್ತೆ ಮಿಷನ್ ಗುರ್ ಅಂತು. ನೋಡಿದರೆ ಎರಡೂ ಬದಿ ಪ್ರಿಂಟು. ಮುಂಭಾಗದ ಹಿಂದೆ ತೋಳು, ಕಾಲರಿನ ಹಿಂದೆ ಜೇಬು. ಇದನ್ನು ಕತ್ತರಿಸೋದು ಹೇಗೆ, ಟೇಪ್ ಹಚ್ಚೋದು ಹೇಗೆ? "ಕಾಗದ ಉಳೀಲಿ ಅಂತ ಮೇಡಂ" ಅಂದರು. ಮೂರನೇ ಸಲ ಎಲ್ಲ ಸರಿಯಾಗಿ ಬಂತು. ಹಾಳೆಗಳನ್ನು ಮೇಜಿನ ಮೇಲೆ ಟಪಟಪ ಕುಟ್ಟಿ ಸಮ ಮಾಡಿ, "ಸ್ಪೈರಲ್ ಬೈಂಡಿಂಗ್ ಹಾಕಿಬಿಡ್ಲಾ?" ಅಂತ ಕೇಳಿದರು.

ಮನೆಗೆ ಬಂದು ಜೋಡಿಸುತ್ತಾ ಹೋದರೆ 14, 15ನೇ ಹಾಳೆಗಳೇ ಇಲ್ಲ. ಭುಜ ಇದೆ, ಸೊಂಟ ಇದೆ, ನಡುವೆ ನಮ್ಮ ಮನೆಯ ಮೊಸಾಯಿಕ್ ನೆಲ ಕಾಣ್ತಿದೆ. ವಾಪಸ್ ಓಡಿದೆ.

"ಅವೆರಡು ಖಾಲಿ ಹಾಳೆ ಮೇಡಂ. ಸುಮ್ನೆ ಒಂದು ಗೆರೆ ಎಳೆದಿತ್ತು. ಮಿಷನ್ ಪ್ರಾಬ್ಲಮ್ ಅಂದ್ಕೊಂಡು ತೆಗೆದೆ. ನಿಮಗೆ ದುಡ್ಡೂ ಹಾಕಿಲ್ಲ ನೋಡಿ."

"ಕೊಡಿ ಅಣ್ಣ, ಎಲ್ಲಿವೆ ಅವು?"

"ಹಿಂದ್ಗಡೆ ಕ್ಲೀನಾಗಿತ್ತು. ಯಾರೋ ಅರ್ಜೆಂಟಾಗಿ ಆಧಾರ್ ಜೆರಾಕ್ಸ್ ಕೇಳಿದ್ರು..."

ತಪ್ಪು ಮಾಡಿದ ಅಳುಕು ಮುಖದಲ್ಲಿ ಒಂಚೂರಾದರೂ ಇರಬೇಕಲ್ಲ? ಇಲ್ಲ. ಕಾಗದ ಹಾಳು ಮಾಡಲಿಲ್ಲ ಅನ್ನೋ ಸಂತೋಷ. ಅವೆರಡನ್ನೇ ಮತ್ತೆ ತೆಗೆದುಕೊಟ್ಟರು, ದುಡ್ಡು ಬೇಡ ಅಂದರು. ಮನೆಗೆ ಬಂದು ಇಟ್ಟು ನೋಡಿದರೆ ಪಕ್ಕದ ಹಾಳೆಯ ಗೆರೆಗೂ ಇದಕ್ಕೂ ಕೂಡಲ್ಲ. ಈ ಸಲ ಫಿಟ್ ಟು ಪೇಜ್! ಮೈಯೆಲ್ಲ ನೂರು ಪರ್ಸೆಂಟು, ಕಂಕುಳು ಮಾತ್ರ ತೊಂಬತ್ತಾರು. ಅಷ್ಟೊತ್ತಿಗೆ ಅಂಗಡಿ ಶಟರ್ ಎಳೆದಾಗಿತ್ತು.

1863ರಲ್ಲಿ ಅಮೆರಿಕದ ಎಬೆನೀಜರ್ ಬಟರಿಕ್ ಅನ್ನೋ ದರ್ಜಿ ಬೇರೆ ಬೇರೆ ಸೈಜಿನ ಕಾಗದದ ಪ್ಯಾಟರ್ನು ಮಾಡಿ ಮಾರೋಕೆ ಶುರುಮಾಡಿದ. ತೆಳು ಕಾಗದ, ಪೂರ್ತಿ ತುಂಡು, ಮಡಚಿ ಕೈಗೆ ಕೊಡೋದು. ನೂರೈವತ್ತು ವರ್ಷ ದಾಟಿ ನಾವು ಮುಂದುವರಿದಿದ್ದೀವಿ. ನೆಲದ ಮೇಲೆ ಕೂತು ಟೇಪ್ ಹಚ್ಚುತ್ತಿದ್ದೀವಿ.

ಅಮ್ಮ ಬಾಗಿಲಿಗೆ ಒರಗಿಕೊಂಡು ಎಲ್ಲ ನೋಡುತ್ತಿದ್ದಳು. ಅವಳ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಹುಡುಗಿಯರನ್ನು ಮದುವೆ ಗೊತ್ತಾಗೋವರೆಗೆ ಹೊಲಿಗೆ ಕ್ಲಾಸಿಗೆ ಕಳಿಸುತ್ತಿದ್ದರು. ಅಂಗೈಯಗಲದ ಜುಬ್ಬ, ಲಂಗ, ಕುಪ್ಪಸ ಹೊಲಿದು ರೆಕಾರ್ಡ್ ಪುಸ್ತಕಕ್ಕೆ ಅಂಟಿಸಬೇಕಿತ್ತಂತೆ. ಬೀರುವಿನ ಕೆಳಗಿನ ಅರೆಯಿಂದ ಒಂದು ಪ್ಲಾಸ್ಟಿಕ್ ಕವರ್ ತಂದಳು. ಒಳಗೆ ಹಳದಿಯಾದ ನ್ಯೂಸ್‌ಪೇಪರಿನಲ್ಲಿ ಕತ್ತರಿಸಿದ ಬ್ಲೌಸುಗಳು. ಬೆನ್ನಿನ ತುಂಬ ಅಡಿಕೆ ಧಾರಣೆ, ತೋಳಿನಲ್ಲಿ ಅರ್ಧ ಪದಬಂಧ. ಒಂದರ ಮೇಲೆ ನೀಲಿ ಶಾಯಿಯಲ್ಲಿ 'ಅಕ್ಕ – ಕುತ್ತಿಗೆ ಡೀಪ್ ಬೇಡ' ಅಂತ ಬರೆದಿದೆ. ಅಕ್ಕ ಅಂದರೆ ನಮ್ಮ ದೊಡ್ಡಮ್ಮ. ಅವರು ಹೋಗಿ ಎಷ್ಟೋ ವರ್ಷವಾಯ್ತು. ಅವರ ಭುಜದ ಅಗಲ, ತೋಳಿನ ಸುತ್ತಳತೆ, ಡೀಪ್ ಬೇಡ ಅನ್ನೋ ಹಟ, ಎಲ್ಲ ಇನ್ನೂ ನಮ್ಮ ಬೀರುವಿನಲ್ಲಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಅಮ್ಮ ದೊಡ್ಡಮ್ಮನ ಬ್ಲೌಸಿನ ಕಂಕುಳನ್ನೇ ನನ್ನ ಫಾರಿನ್ ಟಾಪಿನ ಮೇಲಿಟ್ಟು, ಒಂದಿಂಚು ಕೆಳಗೆ ಇಳಿಸಿ, ಪೆನ್ಸಿಲ್ಲಿನಲ್ಲಿ ಗೆರೆ ಎಳೆದಳು. ಚೌಕ ಅಳೆಯಲಿಲ್ಲ, ಪರ್ಸೆಂಟು ಕೇಳಲಿಲ್ಲ. ಹೊಲಿಗೆಗೆ ಅಂತ ಪ್ಯಾಟರ್ನಿನವರು ಬಿಟ್ಟಿದ್ದ ಒಂದೂವರೆ ಸೆಂಟಿಮೀಟರ್ ಮಾತ್ರ ಅವಳಿಗೆ ಸಹಿಸಲಾಗಲಿಲ್ಲ.

"ಇಷ್ಟೇನಾ ಒಳಗೆ ಬಿಟ್ಟಿರೋದು? ನಾಳೆ ದಪ್ಪ ಆದ್ರೆ ಏನು ಬಿಚ್ಕೋತೀಯ?"

"ಅಲ್ಲೆಲ್ಲ ಹಾಗೆ ಬಿಡಲ್ಲಮ್ಮ."

"ಅಲ್ಲಿಯವರು ದಪ್ಪ ಆಗಲ್ವೇನೇ?"

ಉತ್ತರವಿಲ್ಲ. ಎರಡೂ ಪಕ್ಕ ಒಂದೊಂದು ಇಂಚು ಬಿಡಿಸಿ, ಮೂರು ಸಾಲು ಹೊಲಿಗೆ ಹಾಕಿಸಿಯೇ ಬಿಟ್ಟಳು.

ಟಾಪು ಚೆನ್ನಾಗಿ ಬಂತು. ಕೈ ಎತ್ತಿದರೆ ಎಲ್ಲೂ ಎಳೆಯಲ್ಲ. ಸೋಮವಾರ ಆಫೀಸಿಗೆ ಹಾಕ್ಕೊಂಡು ಹೋದೆ, ಒಂದೇ ಪದರ. ಎಲ್ಲಿ ತಗೊಂಡ್ರಿ ಅಂತ ಕೇಳಲಿ ಅಂತ ಕಾಫಿ ಮಿಷನ್ ಹತ್ತಿರ ಬೇಕಂತಲೇ ಜಾಸ್ತಿ ಹೊತ್ತು ನಿಂತೆ. ಪಕ್ಕದ ಸೀಟಿನವರು ಕೇಳಿದರು. ನಾನೇ ಹೊಲಿದದ್ದು ಅಂದೆ. ಅವರ ಮುಖ ಅರಳಿತು.

"ಅಯ್ಯೋ, ಮೊದಲೇ ಹೇಳಬಾರದಿತ್ತಾ! ನಮ್ಮನೆಯವರ ಮೂರು ಪ್ಯಾಂಟಿನ ಜಿಪ್ ಹೋಗಿದೆ ರೀ. ನಾಳೆ ತರ್ತೀನಿ."

ಜಿಪ್ ಅವರೇ ತಂದುಕೊಡ್ತಾರಂತೆ.