8.8 ಕೋಟಿಯ ಕಾಮಗಾರಿ

ಮನೆ ಕಟ್ಟಿಸಿ ಮುಗಿಸಿದವರನ್ನು ಎರಡು ವರ್ಷ ಎಲ್ಲಿಗೂ ಟೂರ್ ಕರೆದುಕೊಂಡು ಹೋಗಬಾರದು. ಇದು ನನಗೆ ಮಲ್ಪೆಯಲ್ಲಿ ಗೊತ್ತಾಯಿತು, ಅಷ್ಟರಲ್ಲಿ ಬೋಟ್ ಹೊರಟಾಗಿತ್ತು.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹೋದ ವರ್ಷ ಬೆಂಗಳೂರಿನಲ್ಲಿ ಮನೆ ಕಟ್ಟಿಸಿದರು. ಅವತ್ತಿನಿಂದ ಎಲ್ಲಿಗೆ ಹೋದರೂ ಮೊದಲು ನೆಲ ನೋಡುತ್ತಾರೆ. ದೇವಸ್ಥಾನದಲ್ಲಿ ಬಗ್ಗಿ ಗ್ರಾನೈಟ್ ಸವರಿ, ‘ಪಾಲಿಶ್ ಸಾಲದು’ ಅಂತ ತೀರ್ಪು ಕೊಟ್ಟು, ಆಮೇಲೆ ಮಂಗಳಾರತಿ ತಗೊಳ್ಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಹೆಬ್ಬೆರಳಿನಿಂದ ಟೈಲ್ಸ್ ತಟ್ಟುತ್ತಾ ಇರುತ್ತಾರೆ, ಒಳಗೆ ಟೊಳ್ಳು ಇದೆಯಾ ಅಂತ. ಇಂಥವರನ್ನು, ಜೊತೆಗೆ ಅಕ್ಕ, ಅಮ್ಮ, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ಎಲ್ಲರನ್ನೂ ಕಟ್ಟಿಕೊಂಡು ನಾನು ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಟೆ. ತಪ್ಪು ನನ್ನದೇ.

ಹೊರಡುವ ಮೊದಲು ಭಾವ ನಾಲ್ಕು ಜನರಿಗೆ ಫೋನ್ ಮಾಡಿ ವಿಚಾರಿಸಿದ್ದರು. ನಾಲ್ಕೂ ಜನ ಒಂದೇ ಮಾತು ಹೇಳಿದ್ದರಂತೆ. ‘ಅಲ್ಲೇನಿಲ್ಲ ಸಾರ್, ಬರೀ ಕಲ್ಲು. ಆದ್ರೂ ಒಂದ್ಸಲ ಹೋಗ್ಬನ್ನಿ.’ ನಮ್ಮ ದೇಶದ ಎಲ್ಲ ಪ್ರವಾಸಿ ತಾಣಗಳ ಬಗ್ಗೆಯೂ ನಮ್ಮ ಜನ ಕೊಡುವ ಮಾಹಿತಿ ಇದೊಂದೇ. ಹಂಪಿ? ಬರೀ ಕಲ್ಲು. ಬಾದಾಮಿ? ಕಲ್ಲೇ, ಸ್ವಲ್ಪ ಕೆಂಪಗಿರುತ್ತೆ.

ಮಲ್ಪೆಯಿಂದ ದ್ವೀಪ ಆರು ಕಿಲೋಮೀಟರ್ ಆಸುಪಾಸು. ಬೋಟ್‌ನಲ್ಲಿ ಅರ್ಧ ಗಂಟೆ ಹಿಡಿಯಲಿಲ್ಲ. ಆ ಅರ್ಧ ಗಂಟೆಯಲ್ಲಿ ಸಮುದ್ರವನ್ನು ನೋಡಿದವಳು ನಮ್ಮಮ್ಮ ಒಬ್ಬಳೇ, ಅದೂ ವಾಂತಿ ಬರಬಾರದು ಅಂತ ದೂರಕ್ಕೆ ದೃಷ್ಟಿ ನೆಟ್ಟು ಕೂತಿದ್ದರಿಂದ. ಉಳಿದವರೆಲ್ಲ ಲೈಫ್ ಜಾಕೆಟ್ ವಿಷಯದಲ್ಲಿ ಬಿಜಿ. ಮೊದಲು ‘ಅಯ್ಯೋ, ವಾಸನೆ, ನಮಗೆ ಬೇಡ’ ಅಂದರು. ಯಾರೋ ಒಬ್ಬ ಹುಡುಗ ಅದನ್ನು ಹಾಕಿಕೊಂಡು ಫೋಟೋ ತೆಗೆಸಿಕೊಂಡ, ಚೆನ್ನಾಗಿ ಬಂತು. ಆಮೇಲೆ ಎಲ್ಲರಿಗೂ ಬೇಕು. ಜೀವಕ್ಕೆ ಹಾಕದಿದ್ದವರು ಡಿಪಿಗೆ ಹಾಕಿದರು.

ದಡದಲ್ಲಿ ಮರಳಿಗಿಂತ ಚಿಪ್ಪು ಜಾಸ್ತಿ, ಕಾಲಿಟ್ಟರೆ ಕರಕರ ಅನ್ನುತ್ತೆ. ಆಚೆ ತೆಂಗಿನ ಮರಗಳು. ಅದರಾಚೆ ಕಲ್ಲುಗಳು, ಒಂದಕ್ಕೊಂದು ಅಂಟಿಕೊಂಡು ನಿಂತ ಕಂಬಗಳು, ಕೆಲವು ಮೊಣಕಾಲೆತ್ತರ, ಕೆಲವು ಮೂರಾಳು ಎತ್ತರ. ಮೇಲಿನಿಂದ ನೋಡಿದರೆ ಒಂದೊಂದರ ತಲೆಯೂ ಆರು ಮೂಲೆಯ ಬಿಲ್ಲೆ, ಅಲ್ಲಲ್ಲಿ ಐದು ಮೂಲೆ, ಏಳು ಮೂಲೆ. ಜೇನುಗೂಡಿನ ಮೇಲೆ ನಡೆದ ಹಾಗೆ.

ಭಾವ ಸೊಂಟದ ಮೇಲೆ ಕೈಯಿಟ್ಟು ನಿಂತರು. ಬಗ್ಗಿದರು. ಎರಡು ಕಲ್ಲಿನ ಸಂದಿಗೆ ಕಾರಿನ ಕೀ ತೂರಿಸಿ ನೋಡಿದರು. ತಲೆ ಅಲ್ಲಾಡಿಸಿದರು.

‘ಇಂಟರ್‌ಲಾಕ್ ಹಾಕ್ಸಿದಾರೆ ಕಣಯ್ಯ. ಆದ್ರೆ ಲೆವೆಲ್ಲೇ ಬಂದಿಲ್ಲ.’

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅಲ್ಲ. ಅವರು ಮೊಬೈಲ್ ತೆಗೆದು, ಏರುಪೇರಾದ ಕಡೆಯದ್ದೇ ಹುಡುಕಿ ಹುಡುಕಿ ಫೋಟೋ ತೆಗೆದುಕೊಳ್ಳುತ್ತಿದ್ದರು, ಯಾರಿಗೋ ಕಳಿಸಬೇಕು ಅನ್ನುವ ಹಾಗೆ. ‘ನೋಡು, ಒಂದು ಮೇಲೆ, ಒಂದು ಕೆಳಗೆ. ಗ್ಯಾಪಿಗೆ ಮರಳೂ ತುಂಬಿಲ್ಲ. ಆರು ತಿಂಗಳಾಗಿರಲ್ಲ ಹಾಕಿ.’

‘ಭಾವ, ಅದು ಯಾರೂ ಹಾಕಿದ್ದಲ್ಲ. ಲಾವಾ. 8.8 ಕೋಟಿ...’

‘8.8 ಕೋಟಿ!’ ಅಂದರು ಭಾವ. ಅವರ ದನಿಗೆ ಪಕ್ಕದ ಎರಡು ಕುಟುಂಬಗಳು ತಿರುಗಿ ನೋಡಿದವು. ‘ಇದಕ್ಕೆ 8.8 ಕೋಟಿ ಬಿಲ್ ಮಾಡಿದಾರಾ?’

ವರ್ಷ ಅನ್ನುವ ಪದ ನನ್ನ ಬಾಯಿಂದ ಹೊರಬರುವಷ್ಟರಲ್ಲಿ ವಿಷಯ ಕೈ ಮೀರಿತ್ತು. ಪಕ್ಕದ ಕುಟುಂಬದ ಯಜಮಾನರು ಬಂದರು. ಅವರೂ ಕಾಲಿಂದ ಕಲ್ಲು ತಟ್ಟಿ ನೋಡಿದರು. ‘ನಮ್ಮ ಲೇಔಟಲ್ಲೂ ಇದೇ ಕಥೆ ಸಾರ್, ಅದೇ ಡಿಸೈನು’ ಅಂದರು. ಇನ್ನೊಬ್ಬರು, ಕಮಿಷನ್ ಕಳೆದರೆ ಕೆಲಸಕ್ಕೆ ಉಳಿಯುವುದು ಎಷ್ಟು ಅಂತ ಬೆರಳು ಮಡಿಸಿ ಲೆಕ್ಕ ಹಾಕಿದರು. ಹತ್ತು ನಿಮಿಷದಲ್ಲಿ ಅರಬ್ಬೀ ಸಮುದ್ರದ ಮಧ್ಯೆ ಒಂದು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಸಿದ್ಧ. ಎಲ್ಲರೂ ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದರು.

ನಿಜ ಹೇಳಬೇಕೆಂದರೆ ನನಗೆ ಅವರ ಮೇಲೆ ಪೂರ್ತಿ ಸಿಟ್ಟೂ ಬರಲಿಲ್ಲ. ನಾವು ಹುಟ್ಟಿದಾಗಿನಿಂದ ಕೋಟಿ ಅನ್ನುವುದನ್ನು ಕೇಳಿರುವುದೇ ರಸ್ತೆ ಗುಂಡಿ, ಚರಂಡಿ, ಫುಟ್‌ಪಾತ್ ವಿಷಯದಲ್ಲಿ. ಮುಂದೆ ರೂಪಾಯಿ ಇಲ್ಲದ ಕೋಟಿ ನಮ್ಮ ಕಿವಿಗೆ ಇಳಿಯುವುದೇ ಇಲ್ಲ.

ಮಗಳಿಗೆ ಮಾತ್ರ ಇದನ್ನೆಲ್ಲ ವಿವರಿಸುವ ಅವಕಾಶ ಸಿಕ್ಕಿತು. ಒಂದು ಕಾಲದಲ್ಲಿ ಮಡಗಾಸ್ಕರ್ ಮತ್ತು ನಮ್ಮ ಭಾರತ ಅಂಟಿಕೊಂಡೇ ಇದ್ದವು. ಸುಮಾರು 8.8 ಕೋಟಿ ವರ್ಷದ ಹಿಂದೆ ಇಬ್ಬರೂ ಬೇರೆಯಾಗುವ ಹೊತ್ತಿಗೆ ನೆಲ ಬಿರಿದು ಲಾವಾ ಉಕ್ಕಿ ಬಂತು. ಅದು ಆರುತ್ತಾ ಆರುತ್ತಾ ಕುಗ್ಗಿತು, ಕುಗ್ಗುತ್ತಾ ಬಿರುಕು ಬಿಟ್ಟಿತು, ಬಿರುಕು ಕೆಳಗಿಳಿಯುತ್ತಾ ಹೋಗಿ ಕಂಬವಾಯಿತು. ‘ಕೆರೆ ಬತ್ತಿದಾಗ ಕೆಸರು ಬಿರಿಯುತ್ತಲ್ಲ, ಹಾಗಾ?’ ಅಂದಳು. ಹಾಗೇ. ಅವಳಿಗೆ ಒಂದು ನಿಮಿಷದಲ್ಲಿ ತಲೆಗೆ ಹೋಯಿತು. ಅವಳು ಇನ್ನೂ ಮನೆ ಕಟ್ಟಿಸಿಲ್ಲ.

‘ಮಾವಂಗೂ ಹೇಳು ಅಪ್ಪ’ ಅಂದಳು. ಹೇಳಿದೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಕೊಟ್ಟಿರುವ ಮರ್ಯಾದೆಯನ್ನೇ ಇದಕ್ಕೂ ಕೊಟ್ಟಿದ್ದಾರೆ ಅಂತ ಬಿಡಿಸಿ ಬಿಡಿಸಿ ಹೇಳಿದೆ. ಲಾಲ್‌ಬಾಗ್ ಅಂದ ಕೂಡಲೇ ಭಾವನ ಕಿವಿ ನೆಟ್ಟಗಾಯಿತು. ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ಅವರು ಕೂರುವುದು ಅದೇ ಬಂಡೆಯ ಮೇಲೆ.

‘ಅದಕ್ಕೆಷ್ಟಾಗಿದೆಯಂತೆ?’

‘ಸುಮಾರು 300 ಕೋಟಿ.’

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಿಟ್ಟುಸಿರು ಬಿಟ್ಟು, ‘ಅದರಲ್ಲಿ ಒಂದು ಫ್ಲೈಓವರ್ ಆಗ್ತಿತ್ತಲ್ಲಯ್ಯ’ ಅಂದರು.

ಅಷ್ಟರಲ್ಲಿ ಪೀ ಅಂತ ವಿಸಿಲ್. ನೀರಿನ ಅಂಚಿನ ಜಾರುಬಂಡೆಯ ತುದಿಗೆ ಒಬ್ಬ ಯುವಕ ಹೋಗಿ, ಅಲೆ ಬಂದು ಬೆನ್ನಿಗೆ ಹೊಡೆಯುವ ಕ್ಷಣಕ್ಕೆ ಕಾದು ನಿಂತಿದ್ದ. ಕಾವಲಿನ ಸಿಬ್ಬಂದಿ ಮತ್ತೆ ಊದಿದರು. ಅವನು ಅವರ ಕಡೆ ತಿರುಗಿ, ಒಂದು ಬೆರಳೆತ್ತಿ, ‘ಒಂದೇ ನಿಮಿಷ ಅಣ್ಣಾ’ ಅಂದ. ಬೀಡಾ ಅಂಗಡಿಯಲ್ಲಿ ಚಿಲ್ಲರೆ ಕೇಳಿದಷ್ಟು ಸಲೀಸಾಗಿ. ಮೂರನೇ ಸಲ ಊದಿದಾಗ ಅವನ ಸ್ನೇಹಿತ, ‘ಆ ಸೌಂಡ್ ವಿಡಿಯೋದಲ್ಲಿ ಬರ್ತಿದೆ, ನಿಲ್ಸಕ್ಕೆ ಹೇಳೋ’ ಅಂದ.

ಎಲ್ಲ ಕಡೆ ಬೋರ್ಡ್. ಕಲ್ಲು ಹತ್ತಬೇಡಿ, ನೀರಿಗಿಳಿಯಬೇಡಿ, ಪ್ಲಾಸ್ಟಿಕ್ ಬಿಸಾಡಬೇಡಿ. ಭಾವನಿಗೆ ಇದೂ ಸರಿ ಕಾಣಲಿಲ್ಲ. ಬರೀ ಬೇಡಿ ಬೇಡಿ ಬೇಡಿ, ಬಂದ ಮೇಲೆ ಏನು ಮಾಡಬೇಕು ಅಂತ ಒಂದು ಬೋರ್ಡಾದರೂ ಬೇಡ್ವಾ ಅನ್ನುವುದು ಅವರ ವಾದ. ಮತ್ತು ಸಮಿತಿಯ ಉಳಿದ ಸದಸ್ಯರದ್ದೂ. ಅಲ್ಲಿಂದ ಅಭಿವೃದ್ಧಿ ಶುರುವಾಯಿತು. ಒಬ್ಬರು ಗಾಜಿನ ಸೇತುವೆ ಅಂದರು. ಇನ್ನೊಬ್ಬರು ಜಿಪ್‌ಲೈನ್ ಅಂದರು, ಈ ತೆಂಗಿನ ಮರದಿಂದ ಆ ತೆಂಗಿನ ಮರಕ್ಕೆ. ಮಕ್ಕಳಿಗೆ ಜಾರುಬಂಡಿ, ಸಂಜೆಗೆ ಕಲರ್ ಲೈಟು (ಸಂಜೆ ಮೇಲೆ ದ್ವೀಪದಲ್ಲಿ ಯಾರನ್ನೂ ಉಳಿಸಿಕೊಳ್ಳಲ್ಲ, ಆದರೂ ಲೈಟು ಬೇಕು), ಒಂದು ದೊಡ್ಡ ಪ್ರತಿಮೆ. ಯಾರ ಪ್ರತಿಮೆ ಅನ್ನುವಲ್ಲಿ ಮಾತ್ರ ಸಮಿತಿ ಒಡೆಯುವ ಹಾಗೆ ಕಂಡಿತು, ಅದಕ್ಕೆ ಆ ವಿಷಯ ಮುಂದೂಡಿದರು. ಒಟ್ಟಿನಲ್ಲಿ ಎಲ್ಲರೂ ಒಪ್ಪಿದ್ದು ಒಂದೇ. ಈ ಕಲ್ಲನ್ನೆಲ್ಲ ತೆಗೆಸಿ ಲೆವೆಲ್ ಮಾಡಿಸಿದರೆ ಜಾಗ ಚೆನ್ನಾಗಿದೆ.

ನಾನು ಮಗಳ ಕೈ ಹಿಡಿದು ಆಚೆ ಹೋದೆ. ಅಲ್ಲಿ ಒಂದು ಕಂಬದ ಮೈಮೇಲೆ ಯಾರೋ ಮೊಳೆಯಿಂದಲೋ ಕೀಯಿಂದಲೋ ಕಷ್ಟಪಟ್ಟು ಕೊರೆದಿದ್ದರು. ಒಂದು ಹೃದಯ, ಅದರೊಳಗೆ ಎರಡು ಅಕ್ಷರ, ಮಧ್ಯೆ ಪ್ಲಸ್. ಪಾಪ, ಜಾಗ ಆರಿಸುವಾಗ ಸ್ವಲ್ಪ ವಿಚಾರಿಸಬೇಕಿತ್ತು. ಜಗತ್ತಿನಲ್ಲಿ ಎಷ್ಟೋ ಕಲ್ಲುಗಳಿವೆ, ಅದೆಲ್ಲ ಬಿಟ್ಟು ಭಾರತ ಮತ್ತು ಮಡಗಾಸ್ಕರ್ ಸಂಬಂಧ ಮುರಿದುಕೊಂಡಾಗ ಹುಟ್ಟಿದ ಕಲ್ಲಿನ ಮೇಲೇ ಪ್ರೀತಿ ಕೆತ್ತಿದ್ದಾರೆ. ಡೈವೋರ್ಸ್ ಪೇಪರ್ ಹಿಂದೆ ಲವ್ ಲೆಟರ್ ಬರೆದ ಹಾಗೆ.

ಆದರೆ ಈ ಚಾಳಿಗೆ ಇಲ್ಲಿ ಹಳೇ ಇತಿಹಾಸವೂ ಇದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು, ಒಂದು ಶಿಲುಬೆ ನೆಟ್ಟು, ಮೇರಿಯ ಹೆಸರಿಟ್ಟು ಹೋದ ಅನ್ನುವುದು ಪ್ರತೀತಿ. ಊರಿನವರು ತೋನ್ಸೆಪಾರ್ ಅಂತ ಕರೆಯುವ ಜಾಗ. ಯಾರನ್ನೂ ಕೇಳಲಿಲ್ಲ. ಬೋಟ್‌ನಿಂದ ಇಳಿದ, ಗುರುತು ಹಾಕಿದ, ಹೆಸರು ಬರೆದ, ಹೊರಟ. ಮೊದಲ ಟೂರಿಸ್ಟ್.

ಮರಳಿ ಬಂದರೆ ಅಮ್ಮ ತೆಂಗಿನ ಮರದ ನೆರಳಲ್ಲಿ ಸೆರಗು ಹೊದ್ದು ಕೂತಿದ್ದಳು. ಪಕ್ಕದಲ್ಲಿ ಚಿಪ್ಸ್ ಪ್ಯಾಕೆಟ್ಟುಗಳ ಸಣ್ಣ ಗುಡ್ಡೆ. ಗಾಬರಿಯಾಯಿತು, ನಮ್ಮಮ್ಮನಾ ಇದು ಅಂತ. ‘ನಂದಲ್ಲ ಕಣೋ, ಗಾಳಿಗೆ ಹಾರ್ತಿತ್ತು, ಕಾಲಡಿ ಇಟ್ಕೊಂಡೆ’ ಅಂದಳು. ಅಷ್ಟೂ ಹೊತ್ತು ಅವಳು ಬಂದವರು ಬಿಸಾಡಿದ್ದನ್ನು ಒಂದೊಂದಾಗಿ ಹಿಡಿದು ಚಪ್ಪಲಿ ಕೆಳಗೆ ಕೂಡಿಡುತ್ತಿದ್ದಳಂತೆ. ಪ್ಲಾಸ್ಟಿಕ್ ಬಿಸಾಡಬೇಡಿ ಅನ್ನುವ ಬೋರ್ಡಿನ ಕಂಬಕ್ಕೂ ಒಂದು ಪ್ಯಾಕೆಟ್ ಸಿಕ್ಕಿಕೊಂಡು ಪಟಪಟ ಅನ್ನುತ್ತಿತ್ತು. ಮಳೆಗಾಲದಲ್ಲಿ ಸಮುದ್ರ ಒರಟಾಗುತ್ತೆ ಅಂತ ಬೋಟ್ ನಿಲ್ಲಿಸುತ್ತಾರೆ, ಪ್ರವಾಸಿಗರ ಸುರಕ್ಷತೆಗೆ. ಆ ನಾಲ್ಕು ತಿಂಗಳು ನಿಜಕ್ಕೂ ಯಾರು ಸುರಕ್ಷಿತ ಅಂತ ದ್ವೀಪವನ್ನೇ ಕೇಳಬೇಕು.

ವಾಪಸ್ ಬಂದಾಗ ಮಲ್ಪೆಯಲ್ಲಿ ಕ್ಯೂ ಇನ್ನೂ ಉದ್ದವಾಗಿತ್ತು. ಒಬ್ಬರು ಭಾವನನ್ನು ತಡೆದು ‘ಹೇಗಿದೆ ಸಾರ್?’ ಅಂದರು. ಭಾವ ಕ್ಷಣ ಯೋಚಿಸಿದರು. ‘ಅಲ್ಲೇನಿಲ್ಲ, ಬರೀ ಕಲ್ಲು. ಆದ್ರೂ ಒಂದ್ಸಲ ಹೋಗ್ಬನ್ನಿ.’

ರಾತ್ರಿ ಉಡುಪಿಯ ಲಾಡ್ಜ್ ರೂಮಿನಲ್ಲಿ ನಾವೆಲ್ಲ ಕಾಲು ನೀಡಿ ಬಿದ್ದುಕೊಂಡಿದ್ದೆವು. ಭಾವ ಮೊಬೈಲ್ ನೋಡುತ್ತಿದ್ದವರು ದಡಕ್ಕನೆ ಎದ್ದು ಕೂತರು. ‘ಬಾರಯ್ಯ ಇಲ್ಲಿ, ನೋಡು!’ ನೋಡಿದೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ. ಸಮುದ್ರದ ದಡ, ಒಂದಕ್ಕೊಂದು ಅಂಟಿಕೊಂಡ ಆರು ಮೂಲೆಯ ಕಂಬಗಳು. ಸುಮಾರು 40,000 ಇವೆ, 1986ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದೆ, ವಯಸ್ಸು ಆರು ಕೋಟಿ ವರ್ಷದ ಆಸುಪಾಸು. ಅಂದರೆ ನಾವು ಬೆಳಿಗ್ಗೆ ತುಳಿದು ಬಂದ ಕಲ್ಲಿನ ಮುಂದೆ ಇನ್ನೂ ಕೂಸು. ಅಲ್ಲಿನ ಜನ ದೇವರಂಥವರು ಅಂತೇನೂ ಇಲ್ಲ. ಬಂದವರೆಲ್ಲ ಅದೃಷ್ಟಕ್ಕೆ ಅಂತ ಕಲ್ಲಿನ ಸಂದಿಗೆ ನಾಣ್ಯ ಸಿಕ್ಕಿಸಿ ಸಿಕ್ಕಿಸಿ, ಅದು ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಒಡೆಯುತ್ತಿದೆ, ದಯವಿಟ್ಟು ಸಿಕ್ಕಿಸಬೇಡಿ ಅಂತ 2025ರಲ್ಲಿ ಅಲ್ಲಿ ನೋಡಿಕೊಳ್ಳುವವರು ಅಂಗಲಾಚಬೇಕಾಯಿತು. ಇದನ್ನೆಲ್ಲ ಹೇಳೋಣ ಅಂತ ಬಾಯಿ ತೆರೆದೆ. ಭಾವ ಕೈ ಅಡ್ಡ ಹಿಡಿದರು. ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಕಲ್ಲಿನ ಸಂದಿ ನೋಡುತ್ತಿದ್ದರು.

‘ನೆಕ್ಸ್ಟ್ ಟೂರ್ ಇಲ್ಲಿಗೇ. ಎಷ್ಟಾದ್ರೂ ಆಗ್ಲಿ.’

ಮಂಚದ ಆ ಮೂಲೆಯಿಂದ ಅಮ್ಮ ಕೇಳಿದಳು, ‘ಅಲ್ಲೇನಿದೆ ಅಳಿಯಂದ್ರೇ?’

‘ಕಲ್ಲು, ಅತ್ತೆ. ಆದ್ರೆ ಫಿನಿಶಿಂಗ್ ನೋಡಿ!’