ಬಿ ಖಾತಾದ ಗೇಮುಗಳು

ಗೇಮ್ ಮಾರುವ ಆ್ಯಪ್‌ಗಳಲ್ಲಿ ಹಸಿರು ಬಣ್ಣದ ಒಂದು ಬಟನ್ ಇರುತ್ತದೆ. ಅದನ್ನು ಒತ್ತಿ ಯುಪಿಐ ಪಿನ್ ಹಾಕಿದರೆ ಮುಗಿಯಿತು. ಬ್ಯಾಂಕಿನಿಂದ ಮೆಸೇಜು ಬರುತ್ತದೆ, ಗೇಮು ಡೌನ್‌ಲೋಡ್ ಆಗಲು ಶುರುವಾಗುತ್ತದೆ. ಎಂಬತ್ತು ಜಿಬಿ, ನೂರು ಜಿಬಿ. ಕರೆಂಟು ಹೋಗದಿದ್ದರೆ ಬೆಳಗಾಗುವ ಹೊತ್ತಿಗೆ ಇಳಿದಿರುತ್ತದೆ. ದುಡ್ಡು ನಮ್ಮದು, ಕಂಪ್ಯೂಟರ್ ನಮ್ಮದು, ಕರೆಂಟ್ ಬಿಲ್ಲೂ ನಮ್ಮದು. ಗೇಮು ಮಾತ್ರ ನಮ್ಮದಲ್ಲ.

ಬೇರೆ ಊರಿನವರಿಗಾದರೆ ಇದನ್ನು ಬಿಡಿಸಿ ಹೇಳಬೇಕಾಗುತ್ತಿತ್ತು. ಬೆಂಗಳೂರಿನವರಿಗೆ ಬೇಡ. ಒಂದು ಸೂರಿನ ಕೆಳಗೆ ಇರೋದಕ್ಕೆ ಎಷ್ಟು ದಾರಿ ಇದೆ ಅಂತ ನಮ್ಮನ್ನು ಕೇಳಿ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಾಡಿಗೆಗೆ ಇರಬಹುದು. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಹಾಕಿಕೊಳ್ಳಬಹುದು. ಮನೆ ಬಿಡುವಾಗ ಅದು ವಾಪಸ್ ಬರುತ್ತದೆ, ಅಂದರೆ ಬರಬೇಕು. ಎ ಖಾತಾ ಇರುವ ಮನೆ ಕೊಂಡು ಕಾಲು ಚಾಚಿ ಕೂರಬಹುದು. ಇನ್ನೊಂದಿದೆ, ಬಿ ಖಾತಾ: ಕಂದಾಯದ ಪುಸ್ತಕದಲ್ಲಿ ಹೆಸರಿದೆ, ನಿಯಮದ ಪ್ರಕಾರ ಪಕ್ಕಾ ಅಲ್ಲ. ದುಡ್ಡು ಪೂರ್ತಿ ಕೊಟ್ಟಿರುತ್ತೀರಿ. ವರ್ಷ ವರ್ಷ ಕಂದಾಯವನ್ನೂ ಕಟ್ಟುತ್ತೀರಿ. ಗೇಟಿನ ಮೇಲೆ ನಿಮ್ಮದೇ ಹೆಸರು. ಆದರೆ ಸಾಲ ಕೇಳಲು ಹೋದರೆ ಬ್ಯಾಂಕಿನವರು ಕಾಗದ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೋಡೋಣ ಸಾರ್" ಅನ್ನುತ್ತಾರೆ. ನಗರಪಾಲಿಕೆ ಬಿಬಿಎಂಪಿ ಹೋಗಿ ಅದರ ಜಾಗಕ್ಕೆ ಜಿಬಿಎ ಬಂದರೂ ಈ ಊರಿನ ಮದುವೆ ಪಂಕ್ತಿಗಳಲ್ಲಿ ಖಾತಾ ಮಾತು ನಿಂತಿಲ್ಲ.

ನಾವು ದುಡ್ಡು ಕೊಟ್ಟು ಕೊಳ್ಳುವ ಗೇಮು, ಸಿನಿಮಾ, ಇ-ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಬಿ ಖಾತಾದವು.

ಇದೇನೂ ಗುಟ್ಟಲ್ಲ. ಪಿಸಿ ಗೇಮುಗಳ ದೊಡ್ಡ ಅಂಗಡಿ ಸ್ಟೀಮ್ ಶುರುವಾಗಿದ್ದು 2003ರಲ್ಲಿ. ಅವರ ಕರಾರುಪತ್ರದಲ್ಲಿ ಈ ವಿಷಯ ಮುಂಚಿನಿಂದಲೂ ಇತ್ತು, ಓದಿದವರು ಕಮ್ಮಿ. ಹತ್ತು ತಿಂಗಳ ಅಡ್ವಾನ್ಸಿನ ಅಗ್ರಿಮೆಂಟನ್ನೇ ನಾವು ಓದಿ ಸಹಿ ಹಾಕುವುದಿಲ್ಲ, ಇನ್ನು ಇದನ್ನು ಓದುತ್ತೇವಾ? 2024ರ ಅಕ್ಟೋಬರ್‌ನಲ್ಲಿ ಅವರೇ ಕಾರ್ಟಿನಲ್ಲಿ ಒಂದು ಸಾಲು ಸೇರಿಸಿದರು: ನಿಮಗೆ ಸಿಗುವುದು ಲೈಸೆನ್ಸ್, ಅಂದರೆ ಬಳಸುವ ಅನುಮತಿ ಮಾತ್ರ, ಅಂತ. ಇದ್ದಕ್ಕಿದ್ದ ಹಾಗೆ ಸತ್ಯ ಹೇಳುವ ಮನಸ್ಸು ಬಂದಿದ್ದಕ್ಕೆ ಕಾರಣ ಕ್ಯಾಲಿಫೋರ್ನಿಯಾದ ಹೊಸ ಕಾನೂನು. ಡಿಜಿಟಲ್ ಸರಕು ಮಾರುವವರು, ಕೊಡುತ್ತಿರುವುದು ಬರೀ ಲೈಸೆನ್ಸ್ ಆಗಿದ್ದರೆ ಅದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕು ಅನ್ನುವ ನಿಯಮ ಅದು. 2025ರ ಜನವರಿಯಿಂದ ಜಾರಿಯಲ್ಲಿದೆ. ಕಾನೂನು ಅಲ್ಲಿಯದು, ಅದರ ಬಿಸಿ ಇಲ್ಲಿಗೂ ತಟ್ಟಿತು.

ಸ್ಟೀಮ್ ಅಕೌಂಟಿನ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಅದನ್ನು ಬೇರೆಯವರ ಹೆಸರಿಗೆ ಮಾಡಿಕೊಡುವ ಹಾಗಿಲ್ಲ, ವಿಲ್ ಬರೆದಿಟ್ಟರೂ ಇಲ್ಲ. ಕರ್ನಾಟಕದ ಯಾವ ಮೂಲೆಯಲ್ಲಾದರೂ ಅಜ್ಜ ತೀರಿಕೊಂಡರೆ ಅರ್ಧ ಎಕರೆ ಹೊಲಕ್ಕೂ ಪೌತಿ ಖಾತೆ ಆಗುತ್ತದೆ. ನಾನು ಇಷ್ಟು ವರ್ಷ ಪ್ರತಿ ಸೇಲ್‌ನಲ್ಲೂ ಗುಡ್ಡೆ ಹಾಕಿಕೊಂಡ ಗೇಮುಗಳಿಗೆ ಆ ಯೋಗ ಇಲ್ಲ. ಅವುಗಳಲ್ಲಿ ಅರ್ಧಕ್ಕರ್ಧ ನಾನೇ ಒಂದು ಸಲವೂ ತೆರೆದು ನೋಡಿಲ್ಲ ಅನ್ನೋದು ಬೇರೆ ಮಾತು. ಆಸ್ತಿ ಅಂದ ಮೇಲೆ ಖಾಲಿ ಸೈಟೂ ಇರುತ್ತದೆ.

ಒಕ್ಕಲೆಬ್ಬಿಸುವ ಕಥೆಗಳೂ ಇವೆ. ಯೂಬಿಸಾಫ್ಟ್‌ನವರ 'ದಿ ಕ್ರೂ' ಅನ್ನುವ ಕಾರ್ ಓಡಿಸುವ ಗೇಮ್ 2014ರಲ್ಲಿ ಬಂತು. ಅಮೆರಿಕದ ಈ ತುದಿಯಿಂದ ಆ ತುದಿಗೆ ಒಬ್ಬರೇ ಗಾಡಿ ಹೊಡೆಯಬಹುದಿತ್ತು. ಒಬ್ಬರೇ ಆಡಿದರೂ ಕಂಪನಿಯ ಸರ್ವರ್ ಜೊತೆ ಸಂಪರ್ಕ ಇರಲೇಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಡಿಸ್ಕ್ ಇಟ್ಟುಕೊಂಡಿದ್ದವರಿಗೆ ಡಿಸ್ಕ್ ಉಳಿಯಿತು, ಗೇಮು ಹೋಯಿತು. ಇದರಿಂದ ರೊಚ್ಚಿಗೆದ್ದ ರಾಸ್ ಸ್ಕಾಟ್ ಎನ್ನುವವರು ಗೇಮುಗಳನ್ನು ಹೀಗೆ ಕೊಲ್ಲಬೇಡಿ ಅಂತ ಚಳವಳಿ ಶುರು ಮಾಡಿದರು. ಯುರೋಪಿನಲ್ಲಿ ಆ ಮನವಿಗೆ ಬಿದ್ದ ಸಹಿ 10 ಲಕ್ಷ ದಾಟಿತು. ಗೇಮ್ ಆಡುವವರು ಕುರ್ಚಿ ಬಿಟ್ಟು ಏಳುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಏಳದೇ ಸಹಿ ಹಾಕಿದ್ದಾರೆ, ನಿಜ.

ಸೋನಿಯವರ 'ಕಾಂಕರ್ಡ್' ಬಾಳಿದ್ದು ಇನ್ನೂ ಕಮ್ಮಿ. 2024ರ ಆಗಸ್ಟ್ 23ಕ್ಕೆ ಬಿಡುಗಡೆ, ಸೆಪ್ಟೆಂಬರ್ 6ಕ್ಕೆ ಬಂದ್. ಹಾಲು ಉಕ್ಕಿಸಿ ಹದಿನೈದು ದಿನ ಆಗುವ ಮುಂಚೆ ಬೀಗ! ಆದರೆ ಕೊಂಡವರಿಗೆ ದುಡ್ಡು ಪೂರ್ತಿ ವಾಪಸ್ ಕೊಟ್ಟರು. ಗೂಗಲ್‌ನವರೂ 2023ರ ಜನವರಿಯಲ್ಲಿ, ನೆಟ್ ಮೂಲಕವೇ ಗೇಮ್ ಆಡಿಸುತ್ತಿದ್ದ ಸ್ಟೇಡಿಯಾ ಮುಚ್ಚಿದಾಗ ಹಾಗೇ ಮಾಡಿದರು. ಈ ಸುದ್ದಿ ಓದಿದಾಗ ಬೆಂಗಳೂರಿನ ಬಾಡಿಗೆದಾರನಾದ ನನಗೆ ಬೇಜಾರಿಗಿಂತ ಹೊಟ್ಟೆಕಿಚ್ಚು ಜಾಸ್ತಿ ಆಯಿತು. ಪೇಂಟಿಂಗ್ ಚಾರ್ಜ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳದೆ ಅಡ್ವಾನ್ಸ್ ವಾಪಸ್ ಕೊಡುವ ಓನರು ಭೂಮಿಯ ಮೇಲೆ ಇದ್ದಾರೆ ಅಂತಾಯಿತಲ್ಲ.

ಮೈಕ್ರೋಸಾಫ್ಟ್‌ನವರದು ಇನ್ನೂ ಒಂದು ಕೈ ಮೇಲು. 2019ರಲ್ಲಿ ಇ-ಪುಸ್ತಕದ ಅಂಗಡಿ ಮುಚ್ಚಿದರು. ಜನ ಕೊಂಡಿದ್ದ ಪುಸ್ತಕಗಳೆಲ್ಲ ಮಾಯವಾದವು, ದುಡ್ಡು ವಾಪಸ್ ಬಂತು. ಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಅದರ ಮೇಲೆ ಇನ್ನೂ 25 ಡಾಲರ್ ಕೊಟ್ಟರು. ಗೋಡೆಗೆ ಮೊಳೆ ಹೊಡೆಯಬೇಡಿ ಅನ್ನುವ ಓನರುಗಳನ್ನು ನೋಡಿದ್ದೇನೆ. ಹೊಡೆದ ಮೊಳೆಗೆ ಪರಿಹಾರ ಕೊಟ್ಟವರು ಇವರೊಬ್ಬರೇ.

ಹಾಗಾದರೆ ಡಿಸ್ಕಿನ ಕಾಲವೇ ಚೆನ್ನಾಗಿತ್ತು ಅನ್ನುವವರು ಇದ್ದಾರೆ. ನಮ್ಮ ವಯಸ್ಸಿನವರು ಆ ಕಾಲದ ಬಗ್ಗೆ ಮಾತಾಡುವಾಗ ಸ್ವಲ್ಪ ನಾಚಿಕೆ ಇಟ್ಟುಕೊಳ್ಳುವುದು ಒಳ್ಳೆಯದು. ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್, ಟೌನ್ ಹಾಲ್ ಆಚೆಗಿನ ಎಸ್‌ಪಿ ರೋಡ್. ತೆಳ್ಳಗಿನ ಪ್ಲಾಸ್ಟಿಕ್ ಕವರಿನಲ್ಲಿ ಸಿಡಿ, ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೇಮಿನ ಹೆಸರು, ಸ್ಪೆಲ್ಲಿಂಗ್ ಅಂಗಡಿಯವನ ಇಷ್ಟ. ಒಳಗಡೆ ಚೀಟಿಯಲ್ಲಿ ಸೀರಿಯಲ್ ನಂಬರು. "ಓಡದಿದ್ರೆ ತಗೊಂಡ್ ಬನ್ನಿ, ಬೇರೆ ಕೊಡ್ತೀನಿ" ಅನ್ನುವುದೇ ಗ್ಯಾರಂಟಿ ಕಾರ್ಡು. ಹೊಸ ಕಂಪ್ಯೂಟರ್ ಜೋಡಿಸಿ ಕೊಡುವವರು ವಿಂಡೋಸ್, ಆಫೀಸು, ಫೋಟೋಶಾಪು ಎಲ್ಲವನ್ನೂ ಸುಮ್ನೆ ಹಾಕಿ ಕೊಡುತ್ತಿದ್ದರು, ಮೌಸ್ ಪ್ಯಾಡಿಗೆ ಮಾತ್ರ ಬೇರೆ ದುಡ್ಡು. ಅದು ಯಾವ ಖಾತಾವೂ ಅಲ್ಲ. ಅದು ರಾಜಕಾಲುವೆ ಒತ್ತುವರಿ.

ಒರಿಜಿನಲ್ ಡಿಸ್ಕ್ ಕೊಂಡ ಸಂಭಾವಿತರ ಗತಿ ಏನಾಯಿತು? ಆಗಿನ ಎಷ್ಟೋ ಗೇಮುಗಳಲ್ಲಿ ನಕಲು ತಡೆಯಲು ಸೇಫ್‌ಡಿಸ್ಕ್ ಅನ್ನುವ ಬೀಗ ಇತ್ತು. 2015ರಲ್ಲಿ ಬಂದ ವಿಂಡೋಸ್ 10, ಸುರಕ್ಷತೆಯ ಕಾರಣಕ್ಕೆ ಆ ಬೀಗವನ್ನೇ ಒಳಗೆ ಬಿಟ್ಟುಕೊಳ್ಳಲಿಲ್ಲ. ಹಾಗಾಗಿ ಆ ಡಿಸ್ಕುಗಳು ಈಗ ಇದ್ದ ಹಾಗೆ ಓಡುವುದಿಲ್ಲ. ತಮಾಷೆ ಅಂದರೆ ಬೀಗ ಮುರಿದ ಕಳ್ಳ ಪ್ರತಿಗೆ ಈ ತೊಂದರೆಯೇ ಇಲ್ಲ.

ಎ ಖಾತಾ ಸಾಫ್ಟ್‌ವೇರ್ ಹೇಗಿರುತ್ತದೆ ಅಂತ ನೋಡಬೇಕಾದರೆ ಚಾಮರಾಜಪೇಟೆಯ ಯಾವುದಾದರೂ ಹಳೇ ಪ್ರೆಸ್ಸಿಗೆ ಹೋಗಬೇಕು. ಸ್ನೇಹಿತರ ಮಗಳ ಮದುವೆಯ ಲಗ್ನಪತ್ರಿಕೆಗೆ ಅಂತ ಅವರ ಜೊತೆ ಒಂದು ಕಡೆ ಹೋಗಿದ್ದೆ. ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರು. ಸಿಪಿಯು ಡಬ್ಬದ ನೆತ್ತಿಯ ಮೇಲೆ ಆಯುಧಪೂಜೆಯ ಅರಿಶಿನ ಕುಂಕುಮ ಪದರ ಪದರವಾಗಿ ಕೂತಿದೆ. ಒಳಗೆ ವಿಂಡೋಸ್ ಎಕ್ಸ್‌ಪಿ, ಅದರೊಳಗೆ ಪುಟ ಜೋಡಿಸುವ ಪೇಜ್‌ಮೇಕರ್ 7, ಅದರೊಳಗೆ ಕನ್ನಡ ಟೈಪಿಂಗಿನ ನುಡಿ. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಅದೇ ಕೊನೆಯದು. ಅಡೋಬಿಯವರು ಆಮೇಲೆ ಅದನ್ನು ಕೈಬಿಟ್ಟರು. 2013ರಲ್ಲಂತೂ ತಮ್ಮ ಡಿಸೈನ್ ಸಾಫ್ಟ್‌ವೇರಿನ ಹೊಸ ಆವೃತ್ತಿಗಳನ್ನು ಒಂದೇ ಸಲ ಮಾರುವುದು ಬಿಟ್ಟು ತಿಂಗಳ ಚಂದಾಕ್ಕೆ ಬಂದರು. ಈ ಪ್ರೆಸ್ಸಿನವರಿಗೆ ಅದೊಂದೂ ತಟ್ಟಿಲ್ಲ.

"ಇದಕ್ಕೆ ನೆಟ್ ಇಲ್ವಾ?" ಅಂತ ಕೇಳಿದೆ.

"ಕೊಟ್ಟಿಲ್ಲ ಸಾರ್. ನೆಟ್ ಕೊಟ್ಟರೆ ಅಪ್‌ಡೇಟ್ ಕೇಳುತ್ತೆ. ಅಪ್‌ಡೇಟ್ ಕೊಟ್ಟರೆ ಕೆಲಸ ಕೆಡುತ್ತೆ."

ಕಂಪ್ಯೂಟರ್ ಸುರಕ್ಷತೆ ಗೊತ್ತಿದ್ದವರು ಇದನ್ನು ಕೇಳಿದರೆ ತಲೆ ಚಚ್ಚಿಕೊಳ್ಳುತ್ತಾರೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2014ರ ಏಪ್ರಿಲ್‌ನಲ್ಲಿ. ಆದರೆ ನೆಟ್ಟೇ ಇಲ್ಲದ ಕಡೆ ವೈರಸ್ಸಿಗೆ ದಾರಿಯೂ ಕಮ್ಮಿ, ಓನರಿಗೆ ದಾರಿಯೂ ಇಲ್ಲ. ವಧೂವರರ ಹೆಸರು ಬದಲಾಗುತ್ತದೆ, ಗಣಪತಿ ಅದೇ, ಬಾರ್ಡರ್ ಅದೇ.

ಆ ಲಗ್ನಪತ್ರಿಕೆಯ ಮ್ಯಾಟರನ್ನು ಪೆನ್‌ಡ್ರೈವಿನಲ್ಲಿ ತಂದು ಮನೆಯ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಬೇರೆ ಲೋಕ. ಹಳೇ ನುಡಿ ಫಾಂಟ್ ಇಲ್ಲದಿದ್ದರೆ ಅಲ್ಲಿ ಕನ್ನಡವೇ ಕಾಣುವುದಿಲ್ಲ. ತಲೆಯ ಮೇಲೆ ಗೆರೆ ಎಳೆದ ಇಂಗ್ಲಿಷ್ ಎ, ಅದರ ಪಕ್ಕ ಪೌಂಡ್ ಗುರುತು, ಮತ್ತೆ ಗೆರೆಯ ಎ. ಆ ಫಾಂಟಿನಲ್ಲಿ 'ನ' ಅಕ್ಷರ ಕೂತಿರುವುದು ಪೌಂಡ್ ಗುರುತಿನ ಜಾಗದಲ್ಲಿ. ನಾಗರಾಜನ ಮಗಳು ನಳಿನಿ ಅಂತ ಬರೆದರೆ ಲಂಡನ್ನಿನ ಬ್ಯಾಂಕ್ ಲೆಕ್ಕದ ಹಾಗೆ ಕಾಣುತ್ತದೆ. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ ಅನ್ನುವ ಯುನಿಕೋಡ್ ಬಂದ ಮೇಲೆ ಈ ಕಾಟ ತಪ್ಪಿತು. ಅದಕ್ಕೂ ಮುಂಚೆ ಟೈಪಾದ ಕಥೆ, ಕವನ, ಸಂಘದ ವರದಿಗಳು ಎಷ್ಟು ಕಂಪ್ಯೂಟರುಗಳಲ್ಲಿ ಹೀಗೆ ಪೌಂಡ್ ಲೆಕ್ಕವಾಗಿ ಕೂತಿವೆಯೋ. ಪತ್ರ ನಮ್ಮ ಹೆಸರಿಗಿದೆ, ಮನೆಯ ಬಾಗಿಲು ತೆರೆಯುತ್ತಿಲ್ಲ. ಕನ್ವರ್ಟರುಗಳಿವೆ, ಹುಡುಕಿ ಹಾಕಬೇಕು.

ಅಮ್ಮನ ಇಸ್ಪೀಟಿನ ವಿಷಯಕ್ಕೆ ಬರುತ್ತೇನೆ. ಮಧ್ಯಾಹ್ನ ಊಟ ಆದ ಮೇಲೆ ಅಮ್ಮ ನನ್ನ ಲ್ಯಾಪ್‌ಟಾಪಿನಲ್ಲಿ ಸಾಲಿಟೇರ್ ಆಡುತ್ತಾರೆ. ಈ ಆಟ ವಿಂಡೋಸ್ ಜೊತೆ ಬಿಟ್ಟಿಯಾಗಿ ಬಂದಿದ್ದು 1990ರಲ್ಲಿ, ವಿಂಡೋಸ್ 3.0 ಜೊತೆ. ಅದನ್ನು ಬರೆದವರು ವೆಸ್ ಚೆರ್ರಿ, ಆಗ ಅವರು ಕಂಪನಿಯಲ್ಲಿ ಇಂಟರ್ನ್. ಎಲೆಗಳ ಚಿತ್ರ ಬರೆದವರು ಸೂಸನ್ ಕೇರ್. ಮೌಸ್ ಹಿಡಿದು ಎಳೆಯುವುದು, ಬಿಡುವುದು ಜನರ ಕೈಗೆ ಅಭ್ಯಾಸವಾಗಲಿ ಅಂತಲೂ ಆ ಆಟ ಇಟ್ಟಿದ್ದರು. ನಮ್ಮ ಎಷ್ಟೋ ಸರ್ಕಾರಿ ಕಚೇರಿಗಳಲ್ಲಿ ಕಂಪ್ಯೂಟರ್ ತರಬೇತಿ ಅಂದರೆ ಮೊದಲು ಕಲಿತಿದ್ದು ಅದನ್ನೇ. ಚೆರ್ರಿಗೆ ಅದರಿಂದ ರಾಯಲ್ಟಿ ಅಂತ ಬಿಡಿಗಾಸೂ ಬರಲಿಲ್ಲ. 2012ರ ವಿಂಡೋಸ್ 8ರಲ್ಲಿ ಆಟ ಮಾಯ. ವಿಂಡೋಸ್ 10ರಲ್ಲಿ ಮತ್ತೆ ಬಂತು, ಜೊತೆಗೆ ಜಾಹೀರಾತನ್ನೂ ಕರೆದುಕೊಂಡು ಬಂತು. ಜಾಹೀರಾತು ಬೇಡವಾದರೆ ಚಂದಾ ಕಟ್ಟಿ ಅನ್ನುತ್ತದೆ.

"ಇದೇನೋ ಇದು, ಎಲೆ ಹಾಕೋಕೆ ಹೋದ್ರೆ ಕಾರ್ ತಗೊಳ್ಳಿ ಅಂತಾನೆ?" ಅಂದರು ಅಮ್ಮ.

"ಜಾಹೀರಾತು ಅಮ್ಮ. ತಿಂಗಳಿಗಿಷ್ಟು ಅಂತ ಕಟ್ಟಿದ್ರೆ ಬರಲ್ಲ."

"ಇಸ್ಪೀಟು ಆಡಿ ದುಡ್ಡು ಕಳ್ಕೊಂಡವರನ್ನ ನೋಡಿದೀನಿ. ಒಬ್ಬರೇ ಆಡ್ಕೊಂಡು ಕಳ್ಕೊಳ್ಳೋದನ್ನ ಇವಾಗ ನೋಡ್ತಿದೀನಿ" ಅಂದು, ಕಾರಿನ ಜಾಹೀರಾತು ಮುಗಿಯುವವರೆಗೆ ಕನ್ನಡಕ ಒರೆಸಿಕೊಂಡರು. ಈಗ ಅದೇ ಅವರ ಕ್ರಮವಾಗಿದೆ. ಜಾಹೀರಾತು ಬಂದಾಗಲೆಲ್ಲ ಕನ್ನಡಕ ಥಳಥಳ.

ಹಾಡಿನ ಗೋಳು ಎಲ್ಲರಿಗೂ ಗೊತ್ತಿರುವಂಥದ್ದೇ. ಪ್ಲೇಲಿಸ್ಟಿನಲ್ಲಿದ್ದ ಹಾಡು ಒಂದು ಬೆಳಿಗ್ಗೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಹಾಡಿನ ಹಕ್ಕಿನವರಿಗೂ ಆ್ಯಪ್‌ನವರಿಗೂ ವ್ಯವಹಾರ ಮುರಿದಿರುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಅದು ಗೊತ್ತಾಗುತ್ತದೆ. ಆದರೆ ಇದರಲ್ಲಿ ನನಗೆ ಅಷ್ಟೇನೂ ಕೋಪ ಇಲ್ಲ. ತಿಂಗಳಿಗಿಷ್ಟು ಅಂತ ಕಟ್ಟುವಾಗಲೇ ಇದು ಬಾಡಿಗೆ ಅಂತ ಎರಡೂ ಕಡೆ ಗೊತ್ತು. ಗೇಮ್ ಪಾಸ್ ಥರದ ಚಂದಾ ಯೋಜನೆಗಳೂ ಹಾಗೇ. ಈ ತಿಂಗಳು ಇದೆ, ಮುಂದಿನ ತಿಂಗಳು ಇಲ್ಲ, ಆಡುವಷ್ಟು ಆಡಿಕೊಳ್ಳಿ. ಬಾಡಿಗೆ ಮನೆಯಲ್ಲಿ ಸುಖವಾಗಿ ಬಾಳಿದವರು ಈ ಊರಿನಲ್ಲಿ ಲಕ್ಷಾಂತರ ಜನ ಇದ್ದಾರೆ. ಸಂಪು ಖಾಲಿಯಾದರೆ ಓನರಿಗೆ ಫೋನ್ ಮಾಡಿದರಾಯಿತು, ತಲೆಬಿಸಿ ಅವರದು.

ನನ್ನ ತಕರಾರು ಇರುವುದು ಮಾರಾಟದ ರೇಟು ತಗೊಂಡು ಬಾಡಿಗೆ ಕರಾರು ಕೊಡುವವರ ಮೇಲೆ. ಒಂದು ಗೇಮಿಗೆ ನಾಲ್ಕು ಸಾವಿರ, ಐದು ಸಾವಿರ. ಬೆಂಗಳೂರಿನ ಮಾಮೂಲಿ ಅಗ್ರಿಮೆಂಟಿನಲ್ಲೂ ಹನ್ನೊಂದು ತಿಂಗಳು ಅಂತ ಇರುತ್ತದೆ, ಬಿಡಿಸುವ ಮುಂಚೆ ಇಷ್ಟು ತಿಂಗಳು ನೋಟಿಸ್ ಅಂತ ಇರುತ್ತದೆ. ಐದು ಸಾವಿರದ ಗೇಮು ಎಷ್ಟು ವರ್ಷ ಬಾಳುತ್ತದೆ ಅಂತ ಕೊಳ್ಳುವ ದಿನ ಯಾರೂ ಹೇಳುವುದಿಲ್ಲ. ಕಮ್ಮಿ ಅಂದರೂ ಇಂಥ ತಾರೀಖಿನವರೆಗೆ ಸರ್ವರ್ ಓಡಿಸುತ್ತೇವೆ ಅಂತ ಡಬ್ಬದ ಮೇಲೆ ಅಚ್ಚು ಹಾಕಲಿ. ಹಾಲಿನ ಪ್ಯಾಕೆಟ್ಟಿನ ಮೇಲೂ ತಾರೀಖು ಇರುತ್ತದೆ ಅಲ್ವಾ?

ಎ ಖಾತಾ ಬೇಕೇ ಬೇಕು ಅನ್ನುವವರಿಗೆ ಪೋಲೆಂಡಿನ ಗಾಗ್ ಅನ್ನುವ ಅಂಗಡಿ ಇದೆ. ಹಳೇ ಗೇಮುಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡುವ ಹಾಗೆ ರಿಪೇರಿ ಮಾಡಿ ಮಾರಲು 2008ರಲ್ಲಿ ಶುರುವಾಗಿದ್ದು. ಇನ್‌ಸ್ಟಾಲರ್ ಫೈಲನ್ನೇ ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ನೆಟ್ ಬೇಡ, ಬೀಗ ಇಲ್ಲ, ಅಂಗಡಿ ನಾಳೆ ಮುಚ್ಚಿದರೂ ಆಟ ಓಡುತ್ತದೆ. ಎಲ್ಲ ಹೊಸ ಗೇಮುಗಳು ಅಲ್ಲಿಗೆ ಬರುವುದಿಲ್ಲ. ಬರುವುದನ್ನು ನಾನು ಅಲ್ಲೇ ಕೊಳ್ಳುತ್ತೇನೆ. ಅವುಗಳಿಗೇ ಅಂತ ಎಸ್‌ಪಿ ರೋಡಿನಲ್ಲಿ ಒಂದು ಹಾರ್ಡ್ ಡಿಸ್ಕ್ ತಂದಿದ್ದೇನೆ, ಬಿಲ್ ಸಮೇತ.

ಅಕ್ಕನ ಮಗನಿಗೆ ಈ ಭಾಷಣವನ್ನೆಲ್ಲ ಮಾಡಿದ್ದಾಗಿದೆ. ಅವನು ಇಂಜಿನಿಯರಿಂಗಿಗೆ ಸೇರುವುದು ಪಿಇಎಸ್ಸೋ ಆರ್‌ವಿಯೋ ಅಂತ ಮನೆಯವರೆಲ್ಲ ತಲೆ ಕೆಡಿಸಿಕೊಂಡಿದ್ದಾಗ ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದ ಹುಡುಗ. ಮೊನ್ನೆ ಫೋನ್ ಮಾಡಿದ.

"ಮಾಮ, ಸೇಲ್ ನಾಳೆ ಮುಗಿಯುತ್ತೆ. ಎಪ್ಪತ್ತು ಪರ್ಸೆಂಟ್ ಕಮ್ಮಿ. ನಂಗೊಂದು ಕೊಡಿಸ್ತೀಯಾ?"

"ನೆಟ್ ಇಲ್ಲದೆ ಓಡುತ್ತಾ?"

"ಇಲ್ಲ."

"ಸರ್ವರ್ ಎಷ್ಟು ವರ್ಷ ಇರುತ್ತಂತೆ?"

"ಮಾಮ, ನಾನು ಈ ಸೆಮಿಸ್ಟರ್ ರಜಾದಲ್ಲಿ ಆಡಿ ಮುಗಿಸ್ತೀನಿ. ಅಲ್ಲಿವರೆಗೆ ಇದ್ರೆ ಸಾಕು."

ಎಪ್ಪತ್ತು ಪರ್ಸೆಂಟ್ ಕಳೆದರೆ ಒಂದು ತಿಂಗಳ ಬಾಡಿಗೆಯ ರೇಟಿಗೇ ಬರುತ್ತದೆ ಅಂತ ಲೆಕ್ಕ ಹಾಕಿ ದುಡ್ಡು ಕಳಿಸಿದೆ. ಅವನದು ಮುಗಿದ ಮೇಲೆ ಇನ್ನೊಂದು ವಿಷಯ ನೋಡಿದೆ. ಅದೇ ಸೇಲ್‌ನಲ್ಲಿ ನನಗೂ ಎರಡು ಇದ್ದವು.